ಆ ಕಾಲಮ್ಮಿನಲ್ಲಿ ಏನೆಂದು ಬರೆಯುವುದು?



ಇಷ್ಟು ದಿನ ನಮ್ಮೂರ ಶಾಲೆಯ ಗಂಟೆ, ಕೆರೆಯ ಏರಿ, ಹಳೆಯ ಸಹೋದ್ಯೋಗಿಗಳು ಎಂದು ಬರೆದುಕೊಂಡು ಬಂದಿದ್ದೇನೆ. ಈ ಸಲದ ವಿಷಯ ಸ್ವಲ್ಪ ಮುಳ್ಳಿನದು. ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿ, ಬರೆಯದೆ ಉಳಿದರೆ ಸಾಲವೊಂದು ತೀರದೆ ಉಳಿದಂತಾಗುತ್ತದೆ ಎನಿಸಿ ಬರೆಯುತ್ತಿದ್ದೇನೆ.

2025ರ ದಸರೆಯ ದಿನಗಳಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ನಮ್ಮ ಮನೆಗೂ ಗಣತಿದಾರರು ಬಂದಿದ್ದರು. ಬಂದವರು ಪಕ್ಕದ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೈಯಲ್ಲಿ ಮೊಬೈಲು, ಹೆಗಲಲ್ಲಿ ಚೀಲ, ಮುಖದಲ್ಲಿ ಬಿಸಿಲಿನ ಆಯಾಸ. ನಾನೂ ಮೇಷ್ಟ್ರು ಎಂದು ತಿಳಿದ ಮೇಲೆ ಆಕೆಗೆ ಸ್ವಲ್ಪ ನಿರಾಳವಾಯಿತು. ಹೆಸರು, ವಯಸ್ಸು, ವಿದ್ಯಾಭ್ಯಾಸಗಳನ್ನು ಸರಸರನೆ ಕೇಳಿ ಬರೆದುಕೊಂಡರು. ಜಾತಿಯ ಪ್ರಶ್ನೆ ಬಂದಾಗ ಮಾತ್ರ ಆಕೆಯ ದನಿ ತಗ್ಗಿತು. “ಬೇಸರ ಮಾಡ್ಕೋಬೇಡಿ ಸರ್, ಇದನ್ನೂ ಕೇಳಬೇಕು” ಎಂದರು. ನಾನು ಹೇಳಿದೆ, ಆಕೆ ಬರೆದುಕೊಂಡರು. ನನ್ನ ಜಾತಿಯ ಹೆಸರನ್ನು ಹೇಳುವಾಗ ನನ್ನ ದನಿ ಜೀವಮಾನದಲ್ಲಿ ಎಂದೂ ತಗ್ಗಿದ್ದಿಲ್ಲ. ಅದರಲ್ಲಿ ನನ್ನ ಧೈರ್ಯವೇನೂ ಇಲ್ಲ; ಅದು ಆ ಪದಕ್ಕೆ ಸಮಾಜ ಕೊಟ್ಟ ಸವಲತ್ತು. ಈ ಸಣ್ಣ ಸತ್ಯವನ್ನು ಅರಿಯಲು ನನಗೆ ಎಪ್ಪತ್ತು ವರ್ಷ ದಾಟಬೇಕಾಯಿತು. ಅರಿವು ಮೂಡಿಸಿದವು ಎರಡು ಅರ್ಜಿಗಳು. ಒಂದು ಅಮೆರಿಕೆಯದು, ಇನ್ನೊಂದು ನಮ್ಮದೇ ಶಾಲೆಯದು.

ಮೊದಲು ಅಮೆರಿಕೆಯದನ್ನು ಹೇಳುವೆನು. 2018ರಲ್ಲಿ ನಾನೂ ನನ್ನ ಪತ್ನಿಯೂ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಐದು ವರ್ಷ. ಅವನನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕಾಗಿತ್ತು. ಒಂದು ಸಂಜೆ ಊಟದ ಮೇಜಿನ ಮೇಲೆ ಮಗಳು ಶಾಲೆಯ ಅರ್ಜಿಯನ್ನು ಹರಡಿಕೊಂಡು ಕುಳಿತಳು. ಮೂವತ್ತೈದು ವರ್ಷ ದಾಖಲಾತಿ ಪುಸ್ತಕಗಳ ನಡುವೆ ಬದುಕಿದವನಿಗೆ ಅರ್ಜಿ ಕಂಡರೆ ಸುಮ್ಮನಿರಲಾಗುವುದೇ? ಕನ್ನಡಕ ಹಾಕಿಕೊಂಡು ನಾನೂ ಪಕ್ಕದಲ್ಲಿ ಕುಳಿತೆ.

ಅದರಲ್ಲಿ ಎರಡು ಪ್ರಶ್ನೆಗಳಿದ್ದವು. ಮೊದಲನೆಯದು, ಮಗು ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೋ ಹೌದೇ ಅಲ್ಲವೇ ಎಂಬುದು. ಎರಡನೆಯದು, ಮಗುವಿನ ‘ರೇಸ್’ ಯಾವುದು ಎಂಬುದು. ಅದಕ್ಕೆ ಐದು ಚೌಕಗಳು: ಅಮೆರಿಕನ್ ಇಂಡಿಯನ್ ಅಥವಾ ಅಲಾಸ್ಕಾದ ಮೂಲನಿವಾಸಿ, ಏಷ್ಯನ್, ಬ್ಲ್ಯಾಕ್ ಅಥವಾ ಆಫ್ರಿಕನ್ ಅಮೆರಿಕನ್, ಹವಾಯಿ ಹಾಗೂ ಪೆಸಿಫಿಕ್ ದ್ವೀಪಗಳ ಮೂಲನಿವಾಸಿ, ವೈಟ್. ಮಗಳು ಎರಡು ಚೌಕಗಳಿಗೆ ಗುರುತು ಹಾಕಿದಳು, ಏಷ್ಯನ್ ಮತ್ತು ಬ್ಲ್ಯಾಕ್.

ಬಂಧುಗಳಿಗೆ ತಿಳಿದಿರುವಂತೆ ನನ್ನ ಅಳಿಯ ಆಫ್ರಿಕನ್ ಅಮೆರಿಕನ್. ಅವರ ಪೂರ್ವಿಕರು ವರ್ಜೀನಿಯಾದ ಹೊಗೆಸೊಪ್ಪಿನ ಹೊಲಗಳಲ್ಲಿ ಗುಲಾಮರಾಗಿ ದುಡಿದವರು. ಈ ಮದುವೆಯ ವಿಷಯವನ್ನು ಮಗಳು ದೂರವಾಣಿಯಲ್ಲಿ ಮೊದಲ ಸಲ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಹುಡುಗನ ಗುಣದ್ದಾಗಲಿ ಉದ್ಯೋಗದ್ದಾಗಲಿ ಆಗಿರಲಿಲ್ಲ. “ಹುಡುಗ ಬಿಳಿಯನೇನಮ್ಮ?” ಎಂದು ಕೇಳಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಪ್ರಶ್ನೆಯೂ ಒಂದು ಅರ್ಜಿಯ ಕಾಲಮ್ಮೇ. ಅದನ್ನು ಅಚ್ಚು ಹಾಕಿಸಿದ್ದ ಕಚೇರಿ ನನ್ನ ತಲೆಯೊಳಗೇ ಇತ್ತು.

ಆ ಸಂಜೆ ನನ್ನ ಬೀಗರೂ ಮನೆಯಲ್ಲಿದ್ದರು. ನನಗಿಂತ ಮೂರು ವರ್ಷ ಹಿರಿಯರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅರ್ಜಿಯನ್ನು ನೋಡಿ ನಕ್ಕು ಅವರು ಹೇಳಿದ ಮಾತನ್ನು ನಾನು ಮರೆತಿಲ್ಲ. “ನನ್ನ ಜನನ ಪತ್ರದಲ್ಲಿ ನನ್ನನ್ನು ‘ಕಲರ್ಡ್’ ಎಂದು ಬರೆದಿದ್ದಾರೆ. ಶಾಲೆಗೆ ಹೋದಾಗ ‘ನೀಗ್ರೋ’ ಆದೆ. ಯುವಕನಾದಾಗ ನಾವೇ ‘ಬ್ಲ್ಯಾಕ್’ ಎಂದು ಎದೆ ತಟ್ಟಿ ಹೇಳಿಕೊಂಡೆವು. ಮಗ ಓದುವಾಗ ‘ಆಫ್ರಿಕನ್ ಅಮೆರಿಕನ್’ ಬಂತು. ನಾನು ಮಾತ್ರ ಅದೇ ಮನುಷ್ಯ.” ಅವರ ತಾಯಿ ‘ನೀಗ್ರೋ’ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲೇ ಬರೆಯಬೇಕೆಂದು ಮಕ್ಕಳಿಗೆ ತಾಕೀತು ಮಾಡುತ್ತಿದ್ದರಂತೆ. ಆ ಕಾಲಕ್ಕೆ ಅದೇ ಗೌರವದ ಪದ. ಆ ಅಕ್ಷರಕ್ಕಾಗಿಯೇ ಅಲ್ಲಿ ಹೋರಾಟ ನಡೆದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1930ರಲ್ಲಿ ದೊಡ್ಡಕ್ಷರವನ್ನು ಒಪ್ಪಿಕೊಂಡಿತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಪದ ಮಕ್ಕಳ ಕಿವಿಗೆ ಬೈಗುಳದಂತೆ ಕೇಳಿಸತೊಡಗಿತು. ಆದರೂ ಸರ್ಕಾರದ ಜನಗಣತಿಯ ನಮೂನೆಯಲ್ಲಿ ಅದು 2010ರವರೆಗೂ ಉಳಿದಿತ್ತು. ಹಿರಿಯರಲ್ಲಿ ಕೆಲವರು ಇನ್ನೂ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ ಎಂಬುದು ಕಾರಣವಾಗಿತ್ತು. 2020ರ ಗಣತಿಯಲ್ಲಿ ಅದಿರಲಿಲ್ಲ. 2016ರಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾನೂನೊಂದು ‘ನೀಗ್ರೋ’, ‘ಓರಿಯೆಂಟಲ್’ ಎಂಬ ಪದಗಳನ್ನು ಹಳೆಯ ಕಾಯಿದೆಗಳಿಂದಲೂ ತೆಗೆಸಿತು.

ಬೀಗರ ಮಾತು ಕೇಳುತ್ತಿದ್ದಂತೆ ನನಗೆ ನಮ್ಮ ಮೈಸೂರು ಸಂಸ್ಥಾನ ನೆನಪಾಯಿತು. ‘ಪಂಚಮ’ ಎಂದು ದಾಖಲೆಗಳಲ್ಲಿ ಬರೆಯುತ್ತಿದ್ದ ಜಾಗಕ್ಕೆ 1920ರ ದಶಕದಲ್ಲಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರುಗಳು ಬಂದವು. ಮುಂದೆ ಗಾಂಧೀಜಿಯವರು ‘ಹರಿಜನ’ ಎಂದರು. 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಆರಂಭಿಸಿದರು. ಅವರ ಪ್ರೀತಿಯನ್ನು ಯಾರೂ ಶಂಕಿಸಲಾರರು. ಆದರೆ ಅಂಬೇಡ್ಕರರು ಆ ಪದವನ್ನು ಒಪ್ಪಲಿಲ್ಲ. 1935ರ ಭಾರತ ಸರ್ಕಾರದ ಕಾಯಿದೆಯಿಂದ ‘ಪರಿಶಿಷ್ಟ ಜಾತಿ’ ಎಂಬ ಕಚೇರಿಯ ಪದ ಬಂತು. ‘ದಲಿತ’ ಎಂಬ ಪದವನ್ನು ಆ ಜನರೇ ಎತ್ತಿ ಹಿಡಿದರು. ನಾನು ಪಾಠ ಹೇಳಲು ತೊಡಗಿದ ಮೊದಲ ವರ್ಷಗಳಲ್ಲಿ ‘ಹರಿಜನ’ ಎಂದು ಬಾಯಿ ತುಂಬ ಹೇಳುತ್ತಿದ್ದೆ, ಒಳ್ಳೆಯದನ್ನೇ ಹೇಳುತ್ತಿದ್ದೇನೆಂಬ ಭಾವದಿಂದ. ಕೇಳುವವರಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಪದಗಳು ಹೀಗೇಕೆ ಸವೆಯುತ್ತವೆ? ಸೌಟನ್ನು ಬದಲಿಸಿದ ಮಾತ್ರಕ್ಕೆ ಹಳಸಿದ ಸಾರು ರುಚಿಯಾಗುವುದಿಲ್ಲ. ಹೊಸ ಹೆಸರಿಟ್ಟರೂ ಕರೆಯುವವರ ಮನಸ್ಸಿನ ತಾತ್ಸಾರ ಹಾಗೆಯೇ ಉಳಿದಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಆ ತಾತ್ಸಾರ ಹೊಸ ಹೆಸರಿಗೂ ಅಂಟಿಕೊಳ್ಳುತ್ತದೆ. ಹಾಗೆಂದು ಪದ ಬದಲಿಸುವುದು ವ್ಯರ್ಥವೆಂದು ನಾನು ಹೇಳಲಾರೆ. ತನ್ನನ್ನು ಏನೆಂದು ಕರೆಯಬೇಕೆಂದು ಹೇಳುವ ಹಕ್ಕು ಕೈಗೆ ಬರುವುದೇ ಒಂದು ಗೌರವ. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಬೀದಿಯವರು ಬಂದು ನಾಮಕರಣ ಮಾಡಿದರೆ ಒಪ್ಪುತ್ತೇವೆಯೇ?

ಬರೆಯುವ ಲೇಖನಿ ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎನ್ನುವುದಕ್ಕೆ ಬೀಗರ ರಾಜ್ಯದ್ದೇ ಒಂದು ಉದಾಹರಣೆ ಇದೆ. 1924ರಲ್ಲಿ ವರ್ಜೀನಿಯಾ ‘ಜನಾಂಗ ಶುದ್ಧತೆ’ಯ ಕಾಯಿದೆಯೊಂದನ್ನು ಮಾಡಿತು. ಜನನ ಮರಣ ದಾಖಲೆಗಳ ಅಲ್ಲಿನ ಮುಖ್ಯಾಧಿಕಾರಿ ವಾಲ್ಟರ್ ಪ್ಲೆಕರ್ ಎಂಬಾತ. ಆತನ ದೃಷ್ಟಿಯಲ್ಲಿ ಆ ರಾಜ್ಯದಲ್ಲಿ ಶುದ್ಧ ‘ಇಂಡಿಯನ್’ ಎಂಬ ಮೂಲನಿವಾಸಿ ಒಬ್ಬನೂ ಉಳಿದಿರಲಿಲ್ಲ. ಹಾಗಾಗಿ ಅವರೆಲ್ಲರನ್ನೂ ‘ಕಲರ್ಡ್’ ಎಂದೇ ಬರೆಯಬೇಕೆಂದು ಸೂಲಗಿತ್ತಿಯರಿಗೂ ವೈದ್ಯರಿಗೂ ಗುಮಾಸ್ತರಿಗೂ ಪತ್ರಗಳನ್ನು ಕಳುಹಿಸಿದ. ಹಳೆಯ ದಾಖಲೆಗಳನ್ನೂ ಬದಲಾಯಿಸಿದ. ಭಿನ್ನ ಬಣ್ಣದವರ ಮದುವೆಯನ್ನು ನಿಷೇಧಿಸಿದ್ದ ಅಲ್ಲಿನ ನಿಯಮವನ್ನು 1967ರಲ್ಲಿ ಲವಿಂಗ್ ದಂಪತಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಆದರೆ ಕಾಗದದ ಮೇಲೆ ಅಳಿಸಿಹೋದ ಜನ ಕಾಗದದ ಮೇಲೆ ಮರಳಿ ಬರುವುದು ಸುಲಭವಾಗಲಿಲ್ಲ. ತಾವು ತಲೆತಲಾಂತರದಿಂದ ಒಂದೇ ಬುಡಕಟ್ಟಾಗಿ ಬಾಳಿದವರೆಂದು ತೋರಿಸಬೇಕಾದ ದಾಖಲೆಗಳೇ ಕೆಟ್ಟುಹೋಗಿದ್ದವು. ವರ್ಜೀನಿಯಾದ ಆರು ಬುಡಕಟ್ಟುಗಳಿಗೆ ಕೇಂದ್ರ ಸರ್ಕಾರದ ಮಾನ್ಯತೆ ದೊರೆತದ್ದು 2018ರ ಜನವರಿಯಲ್ಲಿ, ಅದೂ ಸಂಸತ್ತು ಪ್ರತ್ಯೇಕ ಕಾನೂನು ಮಾಡಿದ ಮೇಲೆ. ಒಬ್ಬ ಅಧಿಕಾರಿಯ ಲೇಖನಿ ಕೆಡಿಸಿದ್ದನ್ನು ಸರಿಪಡಿಸಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ನಮ್ಮವರನ್ನೂ ಆ ದೇಶದ ಅರ್ಜಿಗಳು ಸುಮ್ಮನೆ ಬಿಟ್ಟಿಲ್ಲ. 1920, 1930 ಮತ್ತು 1940ರ ಗಣತಿಗಳಲ್ಲಿ ಭಾರತದಿಂದ ಹೋದವರ ‘ರೇಸ್’ ಅನ್ನು ‘ಹಿಂದೂ’ ಎಂದು ಬರೆಯುತ್ತಿದ್ದರು. ಹೀಗೆ ‘ಹಿಂದೂ’ ಆದವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು! ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಎಂಬವರು ಪೌರತ್ವ ಕೇಳಿದಾಗ, ಅದು ‘ಬಿಳಿಯ ವ್ಯಕ್ತಿ’ಗಳಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಎಂಬ ನಿಯಮ ಅಡ್ಡ ಬಂತು. ಅದಕ್ಕೆ ಮೂರು ತಿಂಗಳ ಹಿಂದೆ ಜಪಾನಿನ ಒಬ್ಬರ ಮೊಕದ್ದಮೆಯಲ್ಲಿ ಇದೇ ಸುಪ್ರೀಂ ಕೋರ್ಟು, ಚರ್ಮ ಬೆಳ್ಳಗಿದ್ದರೆ ಸಾಲದು, ‘ಕಕೇಶಿಯನ್’ ಆಗಿರಬೇಕು ಎಂದಿತ್ತು. ಪಂಡಿತರ ಪ್ರಕಾರ ತಾನು ಕಕೇಶಿಯನ್ನೇ ಎಂದು ಥಿಂಡ್ ವಾದಿಸಿದರು. ತಾನು ಮೇಲುಜಾತಿಯವನು ಎಂಬುದೂ ಆ ವಾದದ ಒಂದು ಭಾಗವಾಗಿತ್ತು. 1923ರಲ್ಲಿ ನ್ಯಾಯಾಲಯ, ಪಂಡಿತರ ಮಾತು ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ ಎಂದು ತೀರ್ಪಿತ್ತಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಮುಂದೆ ವಿನೋದ ನೋಡಿ: 1970ರ ಗಣತಿಯಲ್ಲಿ ಅದೇ ಭಾರತೀಯರನ್ನು ‘ಬಿಳಿಯರು’ ಎಂದು ಎಣಿಸಿದರು! ಹೀಗೆಣಿಸಿದರೆ ತಮ್ಮ ಮೇಲಿನ ತಾರತಮ್ಯ ಲೆಕ್ಕಕ್ಕೇ ಸಿಗುವುದಿಲ್ಲವೆಂದು ವಲಸಿಗರು ಮನವಿ ಮಾಡಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಚೌಕ ಬಂತು. ಬರಿಯ ‘ಇಂಡಿಯನ್’ ಎನ್ನುವಂತಿರಲಿಲ್ಲ. ಆ ಹೆಸರನ್ನು 1492ರಲ್ಲಿ ಕೊಲಂಬಸ್ಸನ ತಪ್ಪು ತಿಳಿವಳಿಕೆ ಬೇರೆಯವರಿಗೆ ಕೊಟ್ಟಾಗಿತ್ತು.

ಅಂದಮೇಲೆ ಈ ‘ರೇಸ್’ ಎಂಬುದು ಎಷ್ಟು ಗಟ್ಟಿಯಾದ ವಸ್ತು? ಅರುವತ್ತು ವರ್ಷಗಳಲ್ಲಿ ಒಂದೇ ಊರಿನ ಒಂದೇ ಮನೆತನದವರು ‘ಹಿಂದೂ’, ‘ಬಿಳಿಯ’, ‘ಏಷ್ಯನ್’ ಎಂದು ಮೂರು ಜನಾಂಗಗಳಾಗಬಲ್ಲರಾದರೆ ಅದು ರಕ್ತದಲ್ಲಿರುವುದಲ್ಲ, ಲೆಡ್ಜರಿನಲ್ಲಿರುವುದು. ಈ ವರ್ಗಗಳನ್ನು ವೈಜ್ಞಾನಿಕವೆಂದು ತಿಳಿಯಬಾರದು ಎಂದು 1977ರ ಅಮೆರಿಕ ಸರ್ಕಾರದ ಸೂಚನೆಯಲ್ಲೇ ಹೇಳಿದೆ. ಒಬ್ಬರು ಒಂದಕ್ಕಿಂತ ಹೆಚ್ಚು ಚೌಕಗಳಿಗೆ ಗುರುತು ಹಾಕಬಹುದು ಎಂದು ಅಲ್ಲಿನ ಗಣತಿ ಮೊದಲ ಬಾರಿಗೆ ಒಪ್ಪಿದ್ದು 2000ದಲ್ಲಿ. ಹಿಸ್ಪ್ಯಾನಿಕ್ ಪ್ರಶ್ನೆಯನ್ನೂ ರೇಸ್ ಪ್ರಶ್ನೆಯನ್ನೂ ಒಂದುಗೂಡಿಸಿ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದವರಿಗೆ ಬೇರೆ ಚೌಕ ಕೊಡುವ ಪರಿಷ್ಕೃತ ಸೂಚನೆ ಹೊರಟದ್ದು 2024ರ ಮಾರ್ಚಿನಲ್ಲಿ. ನಮ್ಮ ಕನ್ನಡದಲ್ಲಾದರೂ ‘ರೇಸ್’ಗೆ ‘ಜನಾಂಗ’ ಎನ್ನುತ್ತೇವೆ. ‘ಹಿಂದುಳಿದ ಜನಾಂಗ’ ಎನ್ನುವಾಗ ಅದೇ ಪದ ಜಾತಿಯನ್ನು ಹೇಳುತ್ತದೆ. ಅಮೆರಿಕೆಯ ಅನ್ಯಾಯಕ್ಕೆ ‘ವರ್ಣಭೇದ’ ಎಂದು ಹೆಸರಿಟ್ಟೆವು. ‘ವರ್ಣ’ ಎಂಬುದು ನಮ್ಮ ಮನೆಯಲ್ಲೇ ಬೇರೊಂದು ಕೆಲಸ ಮಾಡುತ್ತಿತ್ತೆಂಬುದು ಪಾಠ ಹೇಳುವಾಗ ನನಗೆ ಹೊಳೆಯಲೇ ಇಲ್ಲ.

ಹಾಗಾದರೆ ಈ ಕಾಲಮ್ಮನ್ನೇ ಕಿತ್ತುಹಾಕಬಾರದೇ? ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೀಗೇ ವಾದಿಸುತ್ತಾರೆ: “ಜಾತಿ ಕೇಳುವುದನ್ನು ಬಿಡಿ, ಜಾತಿ ತಾನಾಗಿ ಹೋಗುತ್ತದೆ.” ಕೇಳಲು ಇಂಪಾದ ಮಾತು. ಫ್ರಾನ್ಸ್ ದೇಶದಲ್ಲಿ ಹೆಚ್ಚುಕಡಿಮೆ ಹೀಗೇ ಮಾಡಿದ್ದಾರೆ. ಅಲ್ಲಿನ 1978ರ ಕಾನೂನು ಜನಾಂಗದ ಮಾಹಿತಿ ಸಂಗ್ರಹಿಸುವುದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸುತ್ತದೆ. 2007ರಲ್ಲಿ ಅಲ್ಲಿನ ಸಂವಿಧಾನ ಪರಿಷತ್ತೂ ಅದನ್ನೇ ಎತ್ತಿಹಿಡಿಯಿತು. ಆದರೆ ಬಾಡಿಗೆ ಮನೆ ಕೇಳಲು ಹೋದ ಕಪ್ಪು ವರ್ಣದವನಿಗೆ ಬಾಗಿಲು ಮುಚ್ಚುವುದು ಅದರಿಂದ ನಿಂತುಹೋಗಿಲ್ಲ. ಎಷ್ಟು ಬಾಗಿಲುಗಳು ಮುಚ್ಚಿದವು ಎಂದು ಎಣಿಸುವುದು ಮಾತ್ರ ಕಷ್ಟವಾಗಿದೆ. ಜ್ವರವಿದೆಯೆಂದು ಉಷ್ಣಮಾಪಕವನ್ನು ಎಸೆಯುವವರುಂಟೇ? 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಯಾವ ಜಾತಿಯವರು ಎಷ್ಟು ಮಂದಿ, ಸರ್ಕಾರಿ ಕೆಲಸದಲ್ಲಿ ಎಷ್ಟು ಮಂದಿ ಎಂಬ ಲೆಕ್ಕ ಎದುರಿಗಿದ್ದುದರಿಂದಲೇ ಅನ್ಯಾಯ ಕಣ್ಣಿಗೆ ಕಂಡಿತು. ಎಣಿಕೆ ಬೇಡವೆನ್ನುವವರಲ್ಲಿ ನನ್ನಂತೆ ದನಿ ತಗ್ಗಿಸಬೇಕಾಗಿ ಬಾರದವರೇ ಹೆಚ್ಚು ಎಂಬುದನ್ನೂ ಗಮನಿಸಿದ್ದೇನೆ.

ಕಾಲಮ್ಮು ಇರಲಿ. ಆದರೆ ಅದನ್ನು ತುಂಬುವ ರೀತಿ? ಇಲ್ಲಿಗೆ ನನ್ನ ಎರಡನೆಯ ಅರ್ಜಿಗೆ ಬರುತ್ತೇನೆ.

ಮಗಳ ಮನೆಯ ಆ ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸೂಚನೆ ಇತ್ತು. ಪೋಷಕರು ಈ ಭಾಗವನ್ನು ಖಾಲಿ ಬಿಟ್ಟರೆ ಶಾಲೆಯ ಸಿಬ್ಬಂದಿಯೇ ಮಗುವನ್ನು ನೋಡಿ ಗುರುತು ಹಾಕುವರು ಎಂದು. ಅಲ್ಲಿನ ಶಿಕ್ಷಣ ಇಲಾಖೆಯ 2007ರ ಮಾರ್ಗಸೂಚಿಯೇ ಹಾಗೆ ಹೇಳುತ್ತದೆ. ಯಾರೋ ಒಬ್ಬರು ನನ್ನ ಮೊಮ್ಮಗನ ಮುಖವನ್ನು, ಕೂದಲಿನ ಗುಂಗುರನ್ನು ನೋಡಿ ಅವನು ಇಂಥವನೆಂದು ತೀರ್ಮಾನಿಸುವ ದೃಶ್ಯ ಕಣ್ಣಮುಂದೆ ಬಂದು ಎದೆ ಹಿಂಡಿದಂತಾಯಿತು. ಮರುಕ್ಷಣವೇ 1983ರ ಒಂದು ಬೆಳಗು ನೆನಪಾಯಿತು.

ಆಗ ನಾನು ಎಂಟನೆಯ ತರಗತಿಯ ತರಗತಿ ಉಪಾಧ್ಯಾಯ. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನದ ಪಟ್ಟಿಯನ್ನು ಮಧ್ಯಾಹ್ನದೊಳಗೆ ಕಳುಹಿಸಬೇಕಾಗಿತ್ತು. ಅವಸರದಲ್ಲಿ ಹಾಜರಿ ಮುಗಿಸಿದವನೇ, “ಎಸ್.ಸಿ., ಎಸ್.ಟಿ. ಹುಡುಗರೆಲ್ಲ ಎದ್ದು ನಿಂತ್ಕೊಳ್ರೋ” ಎಂದೆ. ಕೆಲವರು ಎದ್ದರು. ಎದ್ದವರ ಹೆಸರನ್ನು ಬರೆದುಕೊಂಡು ಪಟ್ಟಿ ಕಳುಹಿಸಿದೆ. ಒಬ್ಬ ಹುಡುಗ ಎದ್ದಿರಲಿಲ್ಲ. ಹಣ ಬಂದ ದಿನ ಅವನ ತಂದೆ ಬಂದು ವಿಚಾರಿಸಿದಾಗ ನಾನು ಎಲ್ಲರೆದುರಿಗೇ ಹುಡುಗನನ್ನು ಗದರಿಸಿದೆ: “ಕಿವಿ ಎಲ್ಲಿಟ್ಟಿದ್ದೆಯೋ ಆವತ್ತು?” ಅವನು ತಲೆ ತಗ್ಗಿಸಿ ನಿಂತಿದ್ದ, ಉತ್ತರ ಕೊಡಲಿಲ್ಲ. ಅಜಾಗರೂಕ ಹುಡುಗ ಎಂದುಕೊಂಡು ನಾನು ಮರೆತುಬಿಟ್ಟೆ.

2011ರಲ್ಲಿ ನೀವೆಲ್ಲ ಸೇರಿ ನಡೆಸಿದ ಗುರುವಂದನೆಯ ದಿನ ನೆನಪಿದೆಯಲ್ಲವೇ? ಶಾಲು, ಹಾರ, ಭಾಷಣಗಳೆಲ್ಲ ಮುಗಿದು ಊಟದ ಪಂಕ್ತಿಗೆ ಹೋಗುವಾಗ ಒಬ್ಬರು ನನ್ನ ಪಕ್ಕಕ್ಕೆ ಬಂದರು. ಒಳ್ಳೆಯ ಹುದ್ದೆಯಲ್ಲಿದ್ದರು. ಕಾಲಿಗೆ ನಮಸ್ಕರಿಸಿ, ಮೆಲುದನಿಯಲ್ಲಿ ಹೇಳಿದರು: “ಸರ್, ಆ ದಿನ ನನಗೆ ಕೇಳಿಸಿತ್ತು. ನನ್ನ ಬೆಂಚಿನಲ್ಲಿ ಕೂತಿದ್ದ ಗೆಳೆಯ ದಿನಾ ನನ್ನ ಜೊತೆ ಬುತ್ತಿ ಹಂಚಿಕೊಳ್ಳುತ್ತಿದ್ದ. ಎದ್ದು ನಿಂತರೆ ನಾಳೆಯಿಂದ ಹಂಚಿಕೊಳ್ಳುವುದಿಲ್ಲ ಅನ್ನಿಸಿತು. ಅದಕ್ಕೇ ಏಳಲಿಲ್ಲ. ಆ ವರ್ಷ ಅವ್ವ ಕಾಲುಕಡಗ ಅಡ ಇಟ್ಟಳು, ಬಿಡಿಸಿಕೊಳ್ಳಲಾಗಲಿಲ್ಲ.” ಹೇಳಿದ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಆ ಪಂಕ್ತಿಯಲ್ಲಿ ಕುಳಿತು ನಾನು ಏನು ಉಂಡೆನೆಂಬುದು ನನಗೆ ನೆನಪಿಲ್ಲ.

ಆ ವಿದ್ಯಾರ್ಥಿವೇತನ ನ್ಯಾಯವಾದದ್ದು. ‘ಪರಿಶಿಷ್ಟ ಜಾತಿ’ ಎಂಬ ಪದ ಸಂವಿಧಾನದ್ದು. ಪಟ್ಟಿ ಕಳುಹಿಸಿದ್ದು ನನ್ನ ಕರ್ತವ್ಯ. ಎಲ್ಲವೂ ಸರಿಯಿದ್ದು, ಮಗುವನ್ನು ಎಬ್ಬಿಸಿ ನಿಲ್ಲಿಸಿದ ನನ್ನ ಒಂದು ವಾಕ್ಯ ಅದರ ಫಲವನ್ನೆಲ್ಲ ಕಸಿದುಕೊಂಡಿತು. ದಾಖಲಾತಿ ಪುಸ್ತಕದಲ್ಲಿ ಎಲ್ಲರ ವಿವರವೂ ಇತ್ತು. ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಅರ್ಧ ಗಂಟೆ ಪುಟ ತಿರುವಿದ್ದರೆ ಸಾಕಾಗಿತ್ತು. ಆ ಅರ್ಧ ಗಂಟೆಯನ್ನು ಉಳಿಸಲು ನಾನು ಒಂದು ತಾಯಿಯ ಕಾಲುಕಡಗವನ್ನು ಖರ್ಚು ಮಾಡಿದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಇಷ್ಟರಲ್ಲಿ ಹೇಳುವೆನು. ಇಂಥ ಕಾಲಮ್ಮಿನಲ್ಲಿ ಬರೆಯುವ ಪದವನ್ನು ಆ ಜನರೇ ಆರಿಸಿಕೊಂಡಿರಬೇಕು. ಅವರು ಬದಲಿಸಿದಾಗ ನಾವೂ ಗೊಣಗದೆ ಬದಲಿಸಬೇಕು. ಬರೆಯುವ ಕೈ ಅವರದೇ ಆಗಿರಬೇಕು; ಮುಖ ನೋಡಿ ಬರೆಯುವ ಹಕ್ಕು ಯಾವ ಗುಮಾಸ್ತನಿಗೂ ಬೇಡ. ಏತಕ್ಕಾಗಿ ಕೇಳುತ್ತಿದ್ದೇವೆ ಎಂಬುದನ್ನು ಕೇಳುವವನು ಮೊದಲೇ ತಿಳಿಸಬೇಕು, ನಾಲ್ಕು ಜನರ ಎದುರು ಕೇಳಬಾರದು. ಮುಂಬರುವ ರಾಷ್ಟ್ರೀಯ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದೆ. 1931ರ ಬಳಿಕ ಎಲ್ಲ ಜಾತಿಗಳನ್ನೂ ಎಣಿಸಿ ಪ್ರಕಟಿಸಿದ ಜನಗಣತಿ ನಮ್ಮಲ್ಲಿ ನಡೆದಿಲ್ಲ. ಮನೆಮನೆಗೆ ಹೋಗುವವರಲ್ಲಿ ಬಹುಪಾಲು ಶಿಕ್ಷಕರೇ ಆಗಿರುತ್ತಾರೆ. ಈ ಬರಹ ಓದುವ ನಿಮ್ಮಲ್ಲೂ ಹಲವರು ಇಂದು ಶಿಕ್ಷಕರು. ನಮ್ಮ ಮನೆಗೆ ಬಂದ ಆ ಹೆಣ್ಣುಮಗಳಂತೆ ದನಿ ತಗ್ಗಿಸಿ ಕೇಳಿರಿ. ತರಗತಿಯಲ್ಲಿ ಯಾವ ಮಗುವನ್ನೂ ಎದ್ದು ನಿಲ್ಲಿಸಬೇಡಿರಿ.

ನ್ಯೂಜೆರ್ಸಿಯ ಆ ಸಂಜೆ ಮೊಮ್ಮಗ ಮೇಜಿನ ಬಳಿ ಬಂದು ಅರ್ಜಿಯಲ್ಲಿ ತನ್ನ ಬಗ್ಗೆ ಏನು ಬರೆದಿದೆಯೆಂದು ಕೇಳಿದ. ಮಗಳು ಹೇಳಿದಳು, “ಈ ಗುರುತು ಅಜ್ಜನದು, ಈ ಗುರುತು ಗ್ರ್ಯಾಂಪಾನದು.” ಅವನು ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ, “ನಂದು ಎಲ್ಲಿ?” ಎಂದ. ಶಾಲೆ ಕೇಂದ್ರ ಸರ್ಕಾರಕ್ಕೆ ಕಳುಹಿಸುವ ವರದಿಯಲ್ಲಿ ಆ ಎರಡು ಗುರುತುಗಳು ಸೇರಿ ‘ಎರಡು ಅಥವಾ ಹೆಚ್ಚು ಜನಾಂಗ’ ಎಂಬ ಒಂದೇ ಸಾಲಾಗುತ್ತವೆಂದು ಮಗಳು ಆಮೇಲೆ ತಿಳಿಸಿದಳು. ಹುಡುಗನ ಪ್ರಶ್ನೆಗೆ ನನ್ನಲ್ಲಿಯಾಗಲಿ ಬೀಗರಲ್ಲಿಯಾಗಲಿ ಉತ್ತರವಿರಲಿಲ್ಲ. ಅವನ ಹೆಸರು ಬರೆಯುವ ಸಾಲು ಇನ್ನೂ ಖಾಲಿ ಇತ್ತು. ಮಗಳು ಅವನ ಕೈಗೇ ಪೆನ್ನು ಕೊಟ್ಟಳು. ಅಕ್ಷರಗಳು ಸ್ವಲ್ಪ ಸೊಟ್ಟಗಾದವು.

1983ರ ಆ ವಿದ್ಯಾರ್ಥಿ ಇದನ್ನು ಓದುತ್ತಾರೆಂದು ಬಲ್ಲೆ. ಗುರುವಂದನೆಯ ದಿನ ಗಂಟಲು ಕಟ್ಟಿ ಹೇಳಲಾಗದೆ ಉಳಿದ ಮಾತನ್ನು ಈಗ ಎಲ್ಲರೆದುರು ಹೇಳುತ್ತೇನೆ. ಗದರಿಸಿದ್ದೂ ಎಲ್ಲರೆದುರೇ ಅಲ್ಲವೇ? ತಪ್ಪು ನನ್ನದು, ನಿಮ್ಮದಲ್ಲ. ಕ್ಷಮಿಸಿರಿ. ಅವ್ವನಿಗೂ ನನ್ನ ನಮಸ್ಕಾರ ತಿಳಿಸಿರಿ.

ಉಳಿದವರೂ ಇಂಥ ಅನುಭವಗಳಿದ್ದರೆ ಬರೆದು ತಿಳಿಸಿರಿ. ಮೇಷ್ಟ್ರು ಬೇಸರ ಪಟ್ಟುಕೊಳ್ಳುವರೆಂಬ ಸಂಕೋಚ ಬೇಡ.